ಯಾರಿಗೆ ಲಾಯಲ್, ಯಾವುದಕ್ಕೆ ಫೇತ್‌ಫುಲ್

2017ರ ಜನವರಿ 27ರ ರಾತ್ರಿ ಶ್ವೇತಭವನದ ಗ್ರೀನ್ ರೂಮಿನ ನಡುವೆ ಒಂದು ಪುಟ್ಟ ಮೇಜು. ಊಟಕ್ಕೆ ಕೂತವರು ಇಬ್ಬರೇ: ಅಧಿಕಾರ ವಹಿಸಿಕೊಂಡು ವಾರವಾಗಿದ್ದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಮತ್ತು ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ. ಅದೇ ವರ್ಷದ ಜೂನ್‌ನಲ್ಲಿ ಸೆನೆಟ್ ಸಮಿತಿಗೆ ಕೊಟ್ಟ ಲಿಖಿತ ಹೇಳಿಕೆಯಲ್ಲಿ ಕೋಮಿ ಆ ಊಟದ ವಿವರ ದಾಖಲಿಸಿದ್ದಾರೆ. ಅಧ್ಯಕ್ಷರು ತಮಗೆ ‘ಲಾಯಲ್ಟಿ’ ಬೇಕು ಎಂದರಂತೆ. ಕೋಮಿ ಮಾತಾಡಲಿಲ್ಲ, ಮುಖಭಾವವನ್ನೂ ಬದಲಿಸಲಿಲ್ಲ. ಊಟದ ಕೊನೆಗೆ ಮಾತು ಸುತ್ತಿಕೊಂಡು ಮತ್ತೆ ಅಲ್ಲಿಗೇ ಬಂತು. ನನ್ನಿಂದ ನಿಮಗೆ ಯಾವಾಗಲೂ ‘ಆನೆಸ್ಟಿ’ ಸಿಗುತ್ತದೆ ಎಂದರು ಕೋಮಿ. ನನಗೆ ಬೇಕಾದ್ದೂ ಅದೇ, ‘ಆನೆಸ್ಟ್ ಲಾಯಲ್ಟಿ’ ಎಂದರು ಅಧ್ಯಕ್ಷರು. ಕೊಂಚ ತಡೆದು, ಅದು ಸಿಗುತ್ತದೆ ಎಂದು ಕೋಮಿ ಒಪ್ಪಿದರು. ಆ ಎರಡು ಪದಗಳನ್ನು ನಾವಿಬ್ಬರೂ ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡಿರಬಹುದು ಎಂದೂ ಅವರು ಬರೆದಿದ್ದಾರೆ. ಮೇ 9ರಂದು ಕೋಮಿಯವರ ಕೆಲಸ ಹೋಯಿತು. ಹಾಗೆ ಲಾಯಲ್ಟಿ ಕೇಳಿಯೇ ಇಲ್ಲ ಎಂದು ಟ್ರಂಪ್ ಅಲ್ಲಗಳೆದರು.

ಇದರಲ್ಲಿ ಒಂದು ಸ್ವಾರಸ್ಯವಿದೆ. ಎಫ್‌ಬಿಐ ಎಂಬ ಮೂರು ಅಕ್ಷರಗಳಿಗೆ ಆ ಸಂಸ್ಥೆಯ ಲಾಂಛನದಲ್ಲಿ ಇನ್ನೊಂದು ವಿಸ್ತರಣೆ ಇದೆ: ಫಿಡೆಲಿಟಿ, ಬ್ರೇವರಿ, ಇಂಟೆಗ್ರಿಟಿ. ಅಂದರೆ ಫಿಡೆಲಿಟಿಯನ್ನು ಎದೆಯ ಮೇಲೆ ಧರಿಸಿದ ಸಂಸ್ಥೆಯ ಮುಖ್ಯಸ್ಥ ಲಾಯಲ್ಟಿ ಕೊಡಲು ತಡವರಿಸಿದ. ಈ ಸುದ್ದಿಯನ್ನು ಕನ್ನಡಕ್ಕೆ ತರುವ ಉಪಸಂಪಾದಕ ಎರಡಕ್ಕೂ ‘ನಿಷ್ಠೆ’ ಎಂದು ಬರೆದರೆ ಕಥೆಯೇ ಕೈತಪ್ಪುತ್ತದೆ. ಹಾಗಂತ ಅವನನ್ನು ದೂರುವಂತಿಲ್ಲ. ನಿಘಂಟು ತೆರೆದರೆ ಲಾಯಲ್ಟಿ, ಫಿಡೆಲಿಟಿ, ಅಲೀಜಿಯನ್ಸ್, ಫೇತ್‌ಫುಲ್‌ನೆಸ್, ಕಾನ್‌ಸ್ಟನ್ಸಿ ಎಲ್ಲದರ ಎದುರಿಗೂ ನಿಷ್ಠೆ, ವಿಶ್ವಾಸ, ಭಕ್ತಿ ಎಂಬ ಅವೇ ಮೂರು ನಾಲ್ಕು ಪದಗಳು ಸರದಿ ಬದಲಿಸಿಕೊಂಡು ನಿಂತಿರುತ್ತವೆ.

ಈ ಪದಗಳನ್ನು ಬಿಡಿಸಿ ನೋಡಲು ಸುಲಭದ ದಾರಿ, ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕುವುದು. ನಿನ್ನ ಋಣ ಯಾರದು? ಒಬ್ಬ ವ್ಯಕ್ತಿಯದೋ, ರಾಜ್ಯದ್ದೋ, ಆಡಿದ ಮಾತಿನದೋ, ಮೂಲಪ್ರತಿಯದೋ?

ಲಾಯಲ್ ಎಂಬ ಪದದಿಂದಲೇ ಶುರು ಮಾಡಬಹುದು. ಅದರ ಹುಟ್ಟು ಕಾನೂನಿನಲ್ಲಿ ಎಂದರೆ ಇಂಗ್ಲಿಷರೂ ಹುಬ್ಬೇರಿಸುತ್ತಾರೆ. ಲ್ಯಾಟಿನ್ನಿನ ‘ಲೆಕ್ಸ್’ ಎಂದರೆ ಕಾನೂನು; ಅದರಿಂದ ‘ಲೆಗಾಲಿಸ್’. ಈ ಒಂದೇ ಪದ ಮೂರು ಸಲ, ಮೂರು ವೇಷದಲ್ಲಿ ಇಂಗ್ಲಿಷಿಗೆ ಬಂತು. ಮೊದಲು ಬಂದದ್ದು ‘ಲೀಲ್’. ಅದು ಕ್ರಮೇಣ ಸ್ಕಾಟ್ಲೆಂಡಿನಲ್ಲಿ ನೆಲೆ ನಿಂತಿತು. ಅಲ್ಲಿನ ಒಂದು ಹಳೆಯ ಹಾಡಿನಲ್ಲಿ ಸ್ವರ್ಗಕ್ಕೇ ‘ಲೀಲ್ ಜನರ ನಾಡು’ ಎಂಬ ಅರ್ಥದ ಹೆಸರಿದೆ. ಎರಡನೆಯದು ‘ಲೀಗಲ್’, ಕೋರ್ಟಿಗೆ ಹೋಯಿತು. ಹಳೆಯ ಫ್ರೆಂಚ್ ದಾರಿಯಲ್ಲಿ 16ನೇ ಶತಮಾನಕ್ಕೆ ಬಂದು ಮುಟ್ಟಿದ ‘ಲಾಯಲ್’ ಅರಮನೆ ಸೇರಿತು. ಕಾನೂನಿನಂತೆ ಸಲ್ಲಬೇಕಾದ್ದನ್ನು ಸಲ್ಲಿಸುವವನು ಎಂಬುದು ಮೂಲ ಅರ್ಥ. ಸಲ್ಲಿಸಬೇಕಾದ್ದು ದೊರೆಗೆ ಆದ್ದರಿಂದ ಲಾಯಲ್ ಎಂದರೆ ದೊರೆಯ ಕಡೆಯವನು ಎಂದಾಯಿತು.

ಈ ‘ಕಡೆ’ ಎಂಬುದೇ ಲಾಯಲ್ಟಿಯ ಜೀವ. ಎದುರು ಬಣವೊಂದು ಇದ್ದರೇ ಲಾಯಲ್ಟಿ ಕಾಣುವುದು. ಅಮೆರಿಕದ ವಸಾಹತುಗಳು ಬ್ರಿಟನ್ನಿನ ವಿರುದ್ಧ ಬಂಡೆದ್ದಾಗ ದೊರೆಯ ಪಕ್ಷದಲ್ಲೇ ಉಳಿದವರು ತಮ್ಮನ್ನು ‘ಲಾಯಲಿಸ್ಟ್’ ಎಂದುಕೊಂಡರು. ಯುದ್ಧ ಸೋತ ಮೇಲೆ ಸಾವಿರಾರು ಮಂದಿ ಕೆನಡಾಕ್ಕೆ ಗುಳೆ ಹೋದರು. ಎದುರಾಳಿಗಳ ಬಾಯಲ್ಲಿ ಅದೇ ಜನ ದೇಶದ್ರೋಹಿಗಳು. ಉತ್ತರ ಐರ್ಲೆಂಡಿನಲ್ಲಿ ಈ ಪದಕ್ಕೆ ಇನ್ನೂ ಗಡುಸಾದ ಬಣ್ಣ ಹತ್ತಿದೆ. ಬ್ರಿಟನ್ನಿನ ಜೊತೆಗೇ ಇರಬೇಕು ಎನ್ನುವವರೆಲ್ಲ ಅಲ್ಲಿ ‘ಯೂನಿಯನಿಸ್ಟ್’ಗಳು, ಅವರಲ್ಲೇ ಬೀದಿಗಿಳಿಯುವ, ಒಂದು ಕಾಲಕ್ಕೆ ಬಂದೂಕನ್ನೂ ಹಿಡಿದ ಗುಂಪುಗಳಿಗೆ ‘ಲಾಯಲಿಸ್ಟ್’ ಎಂಬ ಹೆಸರು. ಸದ್ಗುಣದ ಪದವೊಂದು ಗೋಡೆಬರಹದ ಪದವಾದದ್ದು ಹೀಗೆ.

ಫೇತ್, ಫೇತ್‌ಫುಲ್, ಫಿಡೆಲಿಟಿ, ಫೀಅಲ್ಟಿ ಇವೆಲ್ಲ ಇನ್ನೊಂದು ಬಳಗ. ತಾಯಿಬೇರು ಲ್ಯಾಟಿನ್ನಿನ ‘ಫೀದೆಸ್’, ಅಂದರೆ ನಂಬುಗೆ. ಇದರಲ್ಲಿ ಫೀಅಲ್ಟಿ ಮತ್ತು ಫಿಡೆಲಿಟಿ ಒಂದೇ ಲ್ಯಾಟಿನ್ ಪದದ ಅವಳಿಗಳು. ಫ್ರೆಂಚರ ಬಾಯಲ್ಲಿ ಸವೆದು ಬಂದದ್ದು ಫೀಅಲ್ಟಿ, ಪುಸ್ತಕದಿಂದ ನೇರ ಎತ್ತಿಕೊಂಡದ್ದು ಫಿಡೆಲಿಟಿ. ಸವೆದದ್ದಕ್ಕೆ ಮಧ್ಯಯುಗದ ಒಂದು ವಿಧಿಯ ನೆನಪು ಇನ್ನೂ ಅಂಟಿಕೊಂಡಿದೆ. ಜಮೀನು ಪಡೆಯುವವನು ತಲೆ ತೆರೆದು, ಕತ್ತಿ ಕಳಚಿಟ್ಟು, ಒಡೆಯನ ಮುಂದೆ ಮಂಡಿಯೂರುತ್ತಿದ್ದ. ಎರಡೂ ಕೈ ಜೋಡಿಸಿ ಒಡೆಯನ ಅಂಗೈಗಳ ನಡುವೆ ಇಡುತ್ತಿದ್ದ. ಇಂದಿನಿಂದ ನಾನು ನಿಮ್ಮ ಆಳು ಎನ್ನುತ್ತಿದ್ದ. ಇದು ‘ಹೋಮೇಜ್’; ಫ್ರೆಂಚಿನ ‘ಓಮ್’, ಅಂದರೆ ಮನುಷ್ಯ ಎಂಬುದರಿಂದ ಬಂದ ಪದ. ಕನ್ನಡದಲ್ಲೂ ‘ಇವನು ಯಾರ ಮನುಷ್ಯ’ ಎಂದು ರಾಜಕೀಯದವರು ಕೇಳುವುದುಂಟಲ್ಲ, ಅದೇ ಅರ್ಥ. ಹೋಮೇಜ್ ಆದಮೇಲೆ ಎದ್ದು ನಿಂತು, ಧರ್ಮಗ್ರಂಥದ ಮೇಲೆ ಕೈಯಿಟ್ಟು ಮಾಡುವ ಆಣೆ ಫೀಅಲ್ಟಿ. ಮೊದಲನೆಯದು ದೇಹ ಒಪ್ಪಿಸುವುದು, ಎರಡನೆಯದು ಮಾತು ಒಪ್ಪಿಸುವುದು. ಇಂದು ಹೋಮೇಜ್ ಎಂದರೆ ಶ್ರದ್ಧಾಂಜಲಿ, ಹೂವಿನ ಹಾರ. ಫೀಅಲ್ಟಿಯನ್ನು ಯಾರಾದರೂ ಬಳಸಿದರೆ ಅದು ಚಾರಿತ್ರಿಕ ಕಾದಂಬರಿ, ಇಲ್ಲವೇ ಕುಹಕ.

ಇಂಥ ಸೂಕ್ಷ್ಮ ಕನ್ನಡಕ್ಕೆ ಹೊಸದೇನಲ್ಲ. ಶಾಸನಗಳ ಕನ್ನಡದಲ್ಲಿ ‘ಜೋಳವಾಳಿ’ ಎಂದರೆ ಉಂಡ ಜೋಳದ ಋಣಕ್ಕೆ ಹೋರಾಡುವ ಕರ್ತವ್ಯ. ‘ವೇಳೆವಾಳಿ’ ಎಂದರೆ ವೇಳೆ ಬಂದಾಗ ಒಡೆಯನ ಜೊತೆಗೇ ಪ್ರಾಣ ಬಿಡುವ ಶಪಥ. ಎರಡೂ ನಿಷ್ಠೆಯೇ, ಆದರೆ ಒಂದನ್ನು ಇನ್ನೊಂದೆಂದು ಯಾರೂ ತಪ್ಪಿಯೂ ತಿಳಿಯುತ್ತಿರಲಿಲ್ಲ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಪ್ರಾಣ ಕೊಟ್ಟ ‘ಗರುಡ’ (ಅಂಗರಕ್ಷಕ) ಕುವರಲಕ್ಷ್ಮನ ಶಾಸನಸ್ತಂಭ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ನಿಂತಿದೆ. ಇಂಗ್ಲೆಂಡಿನಲ್ಲಿ ಇದಕ್ಕೆ ಹತ್ತಿರದ ಕಥೆ 991ರ ಮಾಲ್ಡನ್ ಕಾಳಗದ್ದು. ನಾಯಕ ಬಿದ್ದ ಮೇಲೆ ಒಬ್ಬ ಅವನದೇ ಕುದುರೆ ಹತ್ತಿ ಓಡಿಹೋದ. ಉಳಿದವರು ಅಲ್ಲೇ ನಿಂತು ಸತ್ತರು. ಆ ಕಾಳಗದ ಮೇಲಿನ ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ‘ಸ್ಟೆಡ್‌ಫಾಸ್ಟ್’ ಪದದ ಪೂರ್ವರೂಪ ಬರುತ್ತದೆ. ನಿಂತ ಜಾಗ ಬಿಟ್ಟು ಕದಲದವನು ಎಂಬುದು ಅದರ ಅಕ್ಷರಾರ್ಥ. ಅಲ್ಲಿ ರೂಪಕವೇ ಇಲ್ಲ.

ಅಲೀಜಿಯನ್ಸ್ ಹೃದಯದ ಗೊಡವೆಗೆ ಹೋಗದ ಪದ. ಅದರ ಒಳಗೆ ‘ಲೀಜ್’ ಇದೆ. ಒಬ್ಬನೇ ನಾಲ್ಕು ಒಡೆಯರಿಂದ ಜಮೀನು ಪಡೆದು, ನಾಲ್ವರಿಗೂ ಆಣೆಯಿಟ್ಟ ಮೇಲೆ ಆ ನಾಲ್ವರೇ ಹೊಡೆದಾಡಿಕೊಂಡರೆ? ಆಗ ಎಲ್ಲರಿಗಿಂತ ಮೊದಲು ಯಾರ ಪಾಲೋ ಅವನು ಲೀಜ್ ಒಡೆಯ. ಕೊನೆಗೆ ಆ ಮೊದಲ ಪಾಲನ್ನು ದೊರೆಯೇ ತೆಗೆದುಕೊಂಡ.

1608ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು ಕ್ಯಾಲ್ವಿನ್ ಎಂಬ ಸ್ಕಾಟಿಷ್ ಕೂಸಿನ ಮೊಕದ್ದಮೆಯಲ್ಲಿ ಇದಕ್ಕೆ ಶಾಸ್ತ್ರೋಕ್ತ ರೂಪ ಕೊಟ್ಟರು. ಅಲೀಜಿಯನ್ಸ್ ಹುಟ್ಟಿನಿಂದಲೇ ಬರುತ್ತದೆ, ದೊರೆಗೆ ಸಲ್ಲುತ್ತದೆ, ಅದನ್ನು ಕಳಚಿಹಾಕಲು ಬರುವುದಿಲ್ಲ. ಕೂಸು ಇನ್ನೂ ಆಣೆಯಿಡುವ ವಯಸ್ಸಿಗೇ ಬಂದಿಲ್ಲ, ಆದರೂ ಅದು ದೊರೆಗೆ ಋಣಿ! ಇನ್ನೂರು ವರ್ಷಗಳ ನಂತರ ಈ ಸಿದ್ಧಾಂತ ಒಂದು ಯುದ್ಧಕ್ಕೇ ಕಾರಣಗಳಲ್ಲೊಂದಾಯಿತು. ಬ್ರಿಟಿಷ್ ನೌಕಾಪಡೆ ಅಮೆರಿಕದ ಹಡಗುಗಳನ್ನು ತಡೆದು ನಾವಿಕರನ್ನು ಎಳೆದೊಯ್ಯುತ್ತಿತ್ತು. ನಾನೀಗ ಅಮೆರಿಕದ ಪ್ರಜೆ ಎಂದು ನಾವಿಕ ಕಾಗದ ತೋರಿಸಿದರೆ, ಬ್ರಿಟನ್ನಿನಲ್ಲಿ ಹುಟ್ಟಿದವನು ಎಂದೆಂದಿಗೂ ಬ್ರಿಟನ್ನಿನವನೇ ಎಂಬ ಉತ್ತರ. 1812ರಲ್ಲಿ ಯುದ್ಧ ಸಿಡಿಯಿತು. ಆ ಗಂಟನ್ನು ಬ್ರಿಟನ್ ತಾನಾಗಿ ಬಿಚ್ಚಿದ್ದು 1870ರ ಕಾಯಿದೆಯಲ್ಲಿ.

ಇನ್ನೂ ವಿಚಿತ್ರವಾದದ್ದು ವಿಲಿಯಂ ಜಾಯ್ಸ್ ಪ್ರಕರಣ. ಎರಡನೇ ಮಹಾಯುದ್ಧದಲ್ಲಿ ಬರ್ಲಿನ್ನಿನಿಂದ ರೇಡಿಯೋದಲ್ಲಿ ಬ್ರಿಟನ್ನನ್ನು ಮೂದಲಿಸುತ್ತಿದ್ದ ಇವನಿಗೆ ‘ಲಾರ್ಡ್ ಹಾ-ಹಾ’ ಎಂಬ ಅಡ್ಡಹೆಸರು. ಹಿಡಿದು ತಂದು ರಾಜದ್ರೋಹದ ಆರೋಪ ಹೊರಿಸಿದಾಗ ತಿಳಿದದ್ದು, ಅವನು ಹುಟ್ಟಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಅವನು ಎಂದೂ ಬ್ರಿಟಿಷ್ ಪ್ರಜೆಯೇ ಆಗಿರಲಿಲ್ಲ. ಆದರೆ ಸುಳ್ಳು ಹೇಳಿ ಬ್ರಿಟಿಷ್ ಪಾಸ್‌ಪೋರ್ಟ್ ಪಡೆದಿದ್ದ. ಆ ಪಾಸ್‌ಪೋರ್ಟಿನ ರಕ್ಷಣೆ ಜೇಬಿನಲ್ಲಿರುವ ತನಕ ಅಲೀಜಿಯನ್ಸಿನ ಋಣವೂ ಇದೆ ಎಂದು ಹೌಸ್ ಆಫ್ ಲಾರ್ಡ್ಸ್ ಎತ್ತಿಹಿಡಿಯಿತು. 1946ರ ಜನವರಿ 3ರಂದು ಗಲ್ಲಾಯಿತು. ಜಾಯ್ಸ್ ಬ್ರಿಟನ್ನಿಗೆ ಲಾಯಲ್ ಎಂದು ಯಾರೂ ಅಂದುಕೊಂಡಿರಲಿಲ್ಲ. ಕೋರ್ಟಿಗೆ ಅದು ಬೇಕಾಗಿಯೂ ಇರಲಿಲ್ಲ. ಒಂದು ನೀಲಿ ಪುಸ್ತಕ ಸಾಕಾಯಿತು.

ಸರಿಸುಮಾರು ಅದೇ ತಿಂಗಳುಗಳಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಇದೇ ಪ್ರಶ್ನೆ ತಿರುವುಮುರುವಾಗಿ ನಿಂತಿತ್ತು. ಆಜಾದ್ ಹಿಂದ್ ಫೌಜಿನ ಮೂವರು ಅಧಿಕಾರಿಗಳಾದ ಶಾನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ಮೇಲೆ ಚಕ್ರವರ್ತಿಯ ವಿರುದ್ಧ ಯುದ್ಧ ಹೂಡಿದ ಆರೋಪ. ವಿಚಾರಣೆ ಶುರುವಾದದ್ದು 1945ರ ನವೆಂಬರ್ 5ರಂದು. ಶಾನವಾಜ್ ಖಾನರದು ತಲೆತಲಾಂತರದಿಂದ ಬ್ರಿಟಿಷ್ ಸೇನೆಗೆ ಆಳು ಕೊಟ್ಟ ಮನೆತನ. ದೊರೆಯೋ ದೇಶವೋ ಎಂಬ ಆಯ್ಕೆ ಎದುರಾಯಿತು, ತಾನು ದೇಶಕ್ಕೆ ಲಾಯಲ್ ಆಗಲು ನಿರ್ಧರಿಸಿದೆ ಎಂಬ ಧಾಟಿಯಲ್ಲಿತ್ತು ಅವರ ಹೇಳಿಕೆ. ವಕೀಲ ಭೂಲಾಭಾಯಿ ದೇಸಾಯಿಯವರ ವಾದವೂ ಅಲೀಜಿಯನ್ಸ್ ಪದದ ಮೇಲೇ ಕಾಲೂರಿ ನಿಂತಿತು. ದೊರೆ ಮತ್ತು ದೇಶ ಒಂದೇ ಆಗಿರುವವರೆಗೆ ಆ ಪದಕ್ಕೆ ತೊಡಕಿಲ್ಲ. ಅವೆರಡೂ ಬೇರೆಯಾದ ಪರತಂತ್ರ ನಾಡಿನಲ್ಲಿ ಅದು ಬಿರುಕು ಬಿಡಲೇಬೇಕು. ಆಜೀವ ಶಿಕ್ಷೆ ವಿಧಿಸಿದರು. ದೇಶವೇ ಭುಗಿಲೆದ್ದಿದ್ದರಿಂದ ಸೇನಾಪತಿ ಆಚಿನ್‌ಲೆಕ್ ಅದನ್ನು ಮನ್ನಾ ಮಾಡಿದರು.

ಅದಕ್ಕೂ ಮೊದಲೇ, 1922ರ ಮಾರ್ಚ್ 18ರಂದು ಅಹಮದಾಬಾದಿನ ನ್ಯಾಯಾಲಯದಲ್ಲಿ ಗಾಂಧೀಜಿ ಓದಿದ ಹೇಳಿಕೆಯನ್ನು ಪದಗಳ ದೃಷ್ಟಿಯಿಂದ ಓದಿದರೆ ಬೇರೆಯೇ ರುಚಿ. ‘ಸ್ಟಾಂಚ್’ ಲಾಯಲಿಸ್ಟ್ ಆಗಿದ್ದ ತಾನು ಹೇಗೆ ಅಸಹಕಾರಿಯಾದೆ ಎಂದು ವಿವರಿಸುವುದು ಅವರ ಉದ್ದೇಶ. ಸ್ಟಾಂಚ್ ಎಂಬುದು ಮೂಲದಲ್ಲಿ ಹಡಗಿಗೆ ಹೇಳುವ ಮಾತು: ನೀರು ಸೋರದ್ದು, ಬಿಗಿಯಾದದ್ದು. ಅಂಥ ಹಡಗು ಸೋರಲು ಶುರುವಾದ ಕಥೆಯನ್ನು ಅವರು ಒಂದೊಂದೇ ರಂಧ್ರ ತೋರಿಸುತ್ತ ಹೇಳಿದರು. ಅವರ ಮೇಲಿದ್ದದ್ದು ದಂಡಸಂಹಿತೆಯ 124ಎ ಕಲಮು, ‘ಡಿಸಫೆಕ್ಷನ್’ ಹಬ್ಬಿಸಿದ ಆರೋಪ. ಆ ಪದದಲ್ಲಿ ಡಿಸ್‌ಲಾಯಲ್ಟಿಯೂ ಸೇರುತ್ತದೆ ಎಂದು ಕಲಮಿನ ವಿವರಣೆಯೇ ಹೇಳುತ್ತಿತ್ತು. ಅಫೆಕ್ಷನ್ ಅಂದರೆ ಪ್ರೀತಿ. ಪ್ರೀತಿಯನ್ನು ಕಾನೂನಿನಿಂದ ತಯಾರಿಸಲು ಬರುವುದಿಲ್ಲ ಎಂದು ಗಾಂಧೀಜಿ ಅಲ್ಲೇ ಚುಚ್ಚಿದರು. ಲಾಯಲ್ ಪದ ಹುಟ್ಟಿದ್ದೇ ಕಾನೂನಿನ ಹೊಟ್ಟೆಯಲ್ಲಿ ಎಂಬುದನ್ನು ನೆನೆದರೆ ಈ ಚುಚ್ಚು ಇನ್ನಷ್ಟು ಆಳಕ್ಕಿಳಿಯುತ್ತದೆ. ನ್ಯಾಯಾಧೀಶರು ಗೌರವದಿಂದಲೇ ಆರು ವರ್ಷ ವಿಧಿಸಿದರು.

ಸ್ವತಂತ್ರ ಭಾರತ ಈ ಪದಗಳ ನಡುವೆ ಜಾಣತನದಿಂದ ಆಯ್ದುಕೊಂಡಿತು. ಸಂವಿಧಾನದ ಮೂರನೇ ಅನುಸೂಚಿಯ ಪ್ರಮಾಣವಚನದಲ್ಲಿ ಮಂತ್ರಿಯಾಗುವವರು ಸಂವಿಧಾನಕ್ಕೆ ‘ಫೇತ್’ ಮತ್ತು ‘ಅಲೀಜಿಯನ್ಸ್’ ಒಪ್ಪಿಸುತ್ತಾರೆ. ಕರ್ತವ್ಯವನ್ನು ‘ಫೇತ್‌ಫುಲಿ’ ನಡೆಸುವುದಾಗಿ ಹೇಳುತ್ತಾರೆ. ಲಾಯಲ್ಟಿ ಎಂಬ ಪದ ಆ ಅನುಸೂಚಿಯಲ್ಲಿ ಎಲ್ಲೂ ಇಲ್ಲ. ಹಿಂದಿ ಪಾಠ ಫೇತ್‌ಗೆ ‘ಶ್ರದ್ಧಾ’ ಎಂದೂ ಅಲೀಜಿಯನ್ಸ್‌ಗೆ ‘ನಿಷ್ಠಾ’ ಎಂದೂ ಹಂಚಿತು. ಪ್ರಮಾಣ ಮಾಡಿ ಕೆಳಗಿಳಿದು ನೇರ ಹೋಗಿ ನಾಯಕರ ಕಾಲಿಗೆ ಬೀಳುವುದು ನಮ್ಮ ಸಮಾರಂಭಗಳ ಪದ್ಧತಿ. ಅಲ್ಲಿ ಲಾಯಲ್ಟಿ ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ ಅನ್ನಿ.

ಫೀಅಲ್ಟಿಯ ಅವಳಿ ಫಿಡೆಲಿಟಿ ಈ ನಡುವೆ ಮನುಷ್ಯರನ್ನೇ ಬಿಟ್ಟು ಹೊರಟಿತ್ತು. ಮೂಲಕ್ಕೆ ಎಷ್ಟು ಹತ್ತಿರ ಎಂಬುದೇ ಅದರ ಈಗಿನ ಅರ್ಥ. ಹಾಡಿದವರ ಕಂಠಕ್ಕೆ ಹತ್ತಿರವಾದ ಧ್ವನಿಯನ್ನು ಹೊರಡಿಸುವ ಯಂತ್ರಕ್ಕೆ 1930ರ ದಶಕದಲ್ಲಿ ‘ಹೈ ಫಿಡೆಲಿಟಿ’ ಎಂಬ ವಿಶೇಷಣ ಚಾಲ್ತಿಗೆ ಬಂತು, ಮುಂದೆ ಅದು ‘ಹೈ-ಫೈ’ ಆಯಿತು. ಜೀವಕೋಶದಲ್ಲಿ ಡಿಎನ್‌ಎ ನಕಲಾಗುವಾಗ ತಪ್ಪು ಎಷ್ಟು ಕಡಿಮೆ ಎಂಬುದನ್ನು ಅಳೆಯಲು ವಿಜ್ಞಾನಿಗಳು ಬಳಸುವುದೂ ಇದೇ ಪದ. ವರ್ಷ ವರ್ಷ ಒಂದೇ ತಾಣಕ್ಕೆ ಮರಳಿ ಗೂಡು ಕಟ್ಟುವ ಹಕ್ಕಿಯ ಗುಣವೂ ಫಿಡೆಲಿಟಿಯೇ. 1999ರಲ್ಲಿ ನಿಸ್ತಂತು ಜಾಲಕ್ಕೆ ಹೆಸರು ಹುಡುಕಿಕೊಡಲು ಇಂಟರ್‌ಬ್ರಾಂಡ್ ಎಂಬ ಕಂಪನಿಗೆ ವಹಿಸಿದಾಗ ಅವರು ಹೈ-ಫೈಗೆ ಪ್ರಾಸವಾಗಿ ‘ವೈ-ಫೈ’ ಕಟ್ಟಿದರು. ಅದರ ‘ಫೈ’ಗೆ ಅರ್ಥವೇನೂ ಇಲ್ಲ, ಬರೀ ಪ್ರಾಸ. ನಮ್ಮೂರುಗಳಲ್ಲಿ ‘ಅವರು ತುಂಬಾ ಹೈಫೈ ಕಣೋ’ ಎಂದರೆ ಶೋಕಿಯವರು, ಕೈಗೆಟುಕದವರು ಎಂದರ್ಥ. ರೋಮನ್ನರ ಫೀದೆಸ್ ದೇವತೆ ಬೆಂಗಳೂರಿನ ಮಾಲ್ ತನಕ ಇಷ್ಟು ಸುತ್ತು ಹಾಕಿ ಬಂದಿದ್ದಾಳೆ.

ಫಿಡೆಲಿಟಿ ಮನುಷ್ಯರಲ್ಲಿ ಉಳಿದಿರುವ ಜಾಗಗಳಲ್ಲಿ ಒಂದು ದುಡ್ಡಿನ ಪೆಟ್ಟಿಗೆ. ಬ್ಯಾಂಕು, ಸಹಕಾರ ಸಂಘಗಳಲ್ಲಿ ಕ್ಯಾಷಿಯರ್ ಮೇಲೆ ‘ಫಿಡೆಲಿಟಿ ಗ್ಯಾರಂಟಿ’ ವಿಮೆ ಮಾಡಿಸುವುದುಂಟು. ನೌಕರ ವಂಚಿಸಿ ಹಣ ಲಪಟಾಯಿಸಿದರೆ ಸಂಸ್ಥೆಯ ನಷ್ಟವನ್ನು ವಿಮಾ ಕಂಪನಿ ತುಂಬಿಕೊಡುತ್ತದೆ. ಇದನ್ನು ‘ಲಾಯಲ್ಟಿ ಗ್ಯಾರಂಟಿ’ ಎನ್ನಲು ಬರುವುದಿಲ್ಲ, ಏಕೆಂದರೆ ಅಧ್ಯಕ್ಷರು ಹೇಳಿದರೆಂದು ಲೆಕ್ಕ ತಿದ್ದುವ ಕ್ಯಾಷಿಯರ್ ಅವರಿಗೆ ಪರಮ ಲಾಯಲ್. ಪುಸ್ತಕದ ಅಂಕಿ ಮತ್ತು ಪೆಟ್ಟಿಗೆಯ ನೋಟು ತಾಳೆಯಾಗದೆ ಹೋದ ದಿನ ಫಿಡೆಲಿಟಿ ಸತ್ತಿತು. ಕನ್ನಡದಲ್ಲಿ ಇದಕ್ಕೆ ಹೊಂದುವ ಮಾತು ನಿಷ್ಠೆಗಿಂತ ‘ನಿಯತ್ತು’. ಅರಬ್ಬಿಯಲ್ಲಿ ‘ಸಂಕಲ್ಪ’ ಎಂಬ ಅರ್ಥವಿದ್ದ ಈ ಪದ ನಮ್ಮಲ್ಲಿ ಕೈ ಶುದ್ಧ, ಬಾಯಿ ಶುದ್ಧ ಎಂಬಲ್ಲಿಗೆ ಬಂದು ಕೂತಿದೆ.

ಫೇತ್‌ಫುಲ್ ಮನೆಯೊಳಗಿನ ಪದ. ‘ಅನ್‌ಫೇತ್‌ಫುಲ್’ ಎಂದು ಬರೀ ಒಂದು ಮಾತು ಹೇಳಿದರೂ ಇಂಗ್ಲಿಷ್ ಕಿವಿಗೆ ಮೊದಲು ಹೊಳೆಯುವುದು ದಾಂಪತ್ಯ. ಹೆಂಡತಿಯ ಬಗ್ಗೆ ನೆಂಟರ ಮುಂದೆ ಹಗುರವಾಗಿ ಆಡಿಕೊಳ್ಳುವ ಗಂಡ ಡಿಸ್‌ಲಾಯಲ್, ಅನ್‌ಫೇತ್‌ಫುಲ್ ಅಲ್ಲ. ಗಂಡು ಹೆಣ್ಣು ಇಬ್ಬರಿಗೂ ಒಂದೇ ಪದ ಸಾಲುವುದು ಗಮನಿಸಬೇಕಾದ್ದು. ‘ಪತಿವ್ರತೆ’ಗೆ ಜೋಡಿಯಾಗಿ ಕನ್ನಡದಲ್ಲಿ ‘ಏಕಪತ್ನೀವ್ರತಸ್ಥ’ ಎಂದು ಶ್ರೀರಾಮನ ತನಕ ಹೋಗಿಬರಬೇಕು. ಇಂಗ್ಲಿಷಿನ ಹಳೆಯ ಮದುವೆ ಮಂತ್ರದಲ್ಲಿ ವರ ವಧುವಿಗೆ ಒಪ್ಪಿಸುವ ‘ಟ್ರೋತ್’ ಬೇರೇನಲ್ಲ, ‘ಟ್ರೂತ್’ ಪದದ ಇನ್ನೊಂದು ಉಚ್ಚಾರ. ‘ಟ್ರೂ’ ಎಂದರೆ ಮೊದಲಿಗೆ ನೆಚ್ಚಬಹುದಾದವನು ಎಂದೇ ಅರ್ಥವಿತ್ತು. ‘ನಿಜವಾದದ್ದು’ ಎಂಬ ಅರ್ಥ ಆಮೇಲೆ ಬೆಳೆದದ್ದು. ನಂಬಿಗಸ್ತ ಮೊದಲು, ಸತ್ಯ ಆಮೇಲೆ.

ನಾಯಿಗೂ ಫೇತ್‌ಫುಲ್ ಒಪ್ಪುತ್ತದೆ. ಇಟಲಿಯ ಬೋರ್ಗೊ ಸಾನ್ ಲೊರೆಂಜೊ ಬಳಿಯ ಊರೊಂದರಲ್ಲಿ ಫೀದೊ ಎಂಬ ನಾಯಿ ದಿನಾ ಸಂಜೆ ಬಸ್ಸಿನ ಬಳಿ ಯಜಮಾನನಿಗಾಗಿ ಕಾಯುತ್ತಿತ್ತು. 1943ರ ಡಿಸೆಂಬರಿನ ಬಾಂಬ್ ದಾಳಿಯಲ್ಲಿ ಅವನು ಸತ್ತ. ನಾಯಿ 1958ರಲ್ಲಿ ತಾನು ಸಾಯುವವರೆಗೂ, ಹದಿನಾಲ್ಕು ವರ್ಷ, ಬಸ್ಸಿಳಿಯುವವರ ಮುಖ ನೋಡುವುದನ್ನು ಬಿಡಲಿಲ್ಲ. ಈ ನಾಯಿಗೆ ಅಲೀಜಿಯನ್ಸ್ ಇತ್ತು ಎಂದರೆ ನಗೆ ಬರುತ್ತದೆ. ‘ಕಾನ್‌ಸ್ಟನ್ಸಿ’ ಎಂದರೆ ಸರಿಹೋಗುತ್ತದೆ. ಕಾಲ ಕಳೆದರೂ ಬದಲಾಗದ ಮನಸ್ಸಿಗೆ ಸಲ್ಲುವ ಪದ ಅದು, ಎದುರಿಗೆ ಯಾರೂ ಇಲ್ಲದಿದ್ದರೂ ನಡೆಯುತ್ತದೆ.

ಇನ್ನು ಕಾಗದಪತ್ರದ ‘ಯುವರ್ಸ್ ಫೇತ್‌ಫುಲಿ’. ಹೆಸರು ಗೊತ್ತಿಲ್ಲದೆ ‘ಡಿಯರ್ ಸರ್’ ಎಂದು ಶುರುಮಾಡಿದ್ದರೆ ಕೊನೆಗೆ ಫೇತ್‌ಫುಲಿ, ಹೆಸರು ಹಿಡಿದು ಬರೆದಿದ್ದರೆ ಸಿನ್ಸಿಯರ್ಲಿ. ಗುರುತೇ ಇಲ್ಲದವರಿಗೆ ಅತಿ ಹೆಚ್ಚಿನ ನಂಬುಗೆ! ಕನ್ನಡದ ಕಚೇರಿಗಳು ಇದನ್ನು ‘ತಮ್ಮ ನಂಬುಗೆಯ’ ಎಂದು ತಂದುಕೊಂಡವು. ಶಾಲೆಯ ರಜಾ ಅರ್ಜಿ ಮಾತ್ರ ‘ತಮ್ಮ ವಿಧೇಯ’ಕ್ಕೇ ಅಂಟಿಕೊಂಡಿತು.

ಇದೇ ಬಳಗದ ಕೆಟ್ಟ ಮಗ ‘ಪರ್ಫಿಡಿ’, ಅಂದರೆ ನಂಬಿಸಿ ಕತ್ತು ಕೊಯ್ಯುವುದು. 1977ರ ಜಿನೀವಾ ಹೆಚ್ಚುವರಿ ಒಡಂಬಡಿಕೆಯ 37ನೇ ವಿಧಿ ಯುದ್ಧದಲ್ಲೂ ಇದನ್ನು ನಿಷೇಧಿಸಿದೆ. ಪೊದೆಯ ವೇಷ ಹಾಕಿ ಅಡಗಬಹುದು, ಸುಳ್ಳು ಸುದ್ದಿ ಹಬ್ಬಿಸಬಹುದು, ಅದೆಲ್ಲ ತಂತ್ರ. ಬಿಳಿ ಬಾವುಟ ತೋರಿಸಿ, ಹತ್ತಿರ ಬಂದವರ ಮೇಲೆ ಗುಂಡು ಹಾರಿಸುವಂತಿಲ್ಲ. ಶತ್ರುವಿಗೆ ಲಾಯಲ್ ಆಗಿರುವವನು ದ್ರೋಹಿ. ಶತ್ರುವಿಗೆ ಕೊಟ್ಟ ಮಾತಿಗೆ ತಪ್ಪುವವನು ಯುದ್ಧಾಪರಾಧಿ. ಎರಡು ಬಳಗಗಳ ನಡುವಿನ ಗೆರೆ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಅಂಗಡಿಯ ‘ಲಾಯಲ್ಟಿ ಕಾರ್ಡ್’ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಹಾರಿದ ಮೈಲಿಗೆ ಬಹುಮಾನ ಕೊಡಲು ಶುರುಮಾಡಿತು, 1995ರಲ್ಲಿ ಬ್ರಿಟನ್ನಿನ ಟೆಸ್ಕೊ ದಿನಸಿಗೂ ಅಂಥ ಕಾರ್ಡ್ ಕೊಟ್ಟಿತು. ಇಂದು ಕಾಫಿಗೂ ಪೆಟ್ರೋಲಿಗೂ ಪಾಯಿಂಟ್ ಇದೆ. ಗಿರಾಕಿ ಮತ್ತೆ ಬಂದರೆ ಅದಕ್ಕೆ ಹಳೆಯ ಹೆಸರು ‘ವಾಡಿಕೆ’.

ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದಲ್ಲಿ ಲಾಯಲ್ ಎಂಬ ಪದ ಬಾಯಿಂದ ಬಾಯಿಗೆ ಹೇಗೆ ದಾಟುತ್ತದೆ ಎಂದು ನೋಡಿದರೆ ಆ ಕವಿಗೆ ಅದರ ಮೇಲೆ ಎಷ್ಟು ಅನುಮಾನವಿತ್ತು ಎಂಬುದು ತಿಳಿಯುತ್ತದೆ. ಗ್ಲಾಸ್ಟರ್ ಕುಲೀನ ತನ್ನ ಕಪಟಿ ಮಗ ಎಡ್ಮಂಡನನ್ನು ಲಾಯಲ್ ಎಂದು ಮೆಚ್ಚುತ್ತಾನೆ. ಅದೇ ಎಡ್ಮಂಡ್ ಅಪ್ಪನನ್ನು ಕಾರ್ನ್‌ವಾಲ್ ದೊರೆಗೆ ಹಿಡಿದುಕೊಡುವಾಗ, ರಕ್ತಸಂಬಂಧಕ್ಕೆ ಎಷ್ಟೇ ನೋವಾದರೂ ಲಾಯಲ್ಟಿಯ ಹಾದಿ ಬಿಡಲಾರೆ ಎಂದು ನಿಟ್ಟುಸಿರಿಡುತ್ತಾನೆ. ಮುದಿ ರಾಜನನ್ನು ಕೈಬಿಡದ ಕೆಂಟ್ ದೇಶಭ್ರಷ್ಟನಾಗಿ, ವೇಷ ಮರೆಸಿಕೊಂಡು ಅಲೆಯುತ್ತಾನೆ. ಆಮೇಲೆ ಕಾರ್ನ್‌ವಾಲ್ ಗ್ಲಾಸ್ಟರನ ಕಣ್ಣು ಕೀಳುವ ದೃಶ್ಯ. ಒಂದು ಕಣ್ಣು ಹೋಗಿದೆ; ಇನ್ನೊಂದಕ್ಕೆ ಕೈ ಹಾಕುವಾಗ ಒಬ್ಬ ಆಳು ಅಡ್ಡ ಬರುತ್ತಾನೆ. ಚಿಕ್ಕಂದಿನಿಂದ ಕಾರ್ನ್‌ವಾಲನ ಮನೆಯಲ್ಲೇ ದುಡಿದವನು. ನಿಲ್ಲಿಸಿ ಎಂದು ನಿಮಗೆ ಹೇಳುವುದಕ್ಕಿಂತ ದೊಡ್ಡ ಸೇವೆಯನ್ನು ನಾನು ಈವರೆಗೂ ಮಾಡಿದ್ದಿಲ್ಲ ಎಂಬರ್ಥದ ಮಾತಾಡಿ ಕತ್ತಿ ಎಳೆಯುತ್ತಾನೆ, ಒಡೆಯನಿಗೆ ಸಾವಿನ ಗಾಯ ಮಾಡುತ್ತಾನೆ, ಕಾರ್ನ್‌ವಾಲನ ಹೆಂಡತಿ ರೀಗನ್ ಹಿಂದಿನಿಂದ ಇರಿದಾಗ ಸಾಯುತ್ತಾನೆ. ಲಾಯಲ್ಟಿ, ಫಿಡೆಲಿಟಿ, ಅಲೀಜಿಯನ್ಸ್ ಯಾವುದನ್ನೂ ಅವನು ಉಚ್ಚರಿಸುವುದಿಲ್ಲ. ಅವನ ಬಾಯಲ್ಲಿ ಬರುವುದು ‘ಸರ್ವಿಸ್’ ಎಂಬ ಒಂದೇ ಪದ. ಪಾತ್ರಗಳ ಪಟ್ಟಿಯಲ್ಲಿ ಅವನಿಗೊಂದು ಹೆಸರೂ ಇಲ್ಲ.